ಕೈಯಿಂದ ಕೈಗೆ

1792ರ ಮೈಸೂರು ಯುದ್ಧದ ಕಾಲ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸಕ್ಕಿದ್ದ ಕಾವಸ್‌ಜಿ ಎಂಬ ಮರಾಠಿ ಒಕ್ಕಲಿಗನೊಬ್ಬ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದು ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ 1794ರ ಅಕ್ಟೋಬರ್ ಸಂಚಿಕೆಯಲ್ಲಿ ವರದಿಮಾಡಿತು. ಆ ಸ್ಥಿತಿಯಲ್ಲಿಯೇ ಆತ ಶ್ರೀರಂಗಪಟ್ಟಣದ ಬಳಿ ಮುಂಬಯಿ ಸೈನ್ಯವನ್ನು ಬಂದು ಸೇರಿದನಂತೆ. ವರುಷಕ್ಕೂ ಮಿಕ್ಕಿ ಮೂಗಿಲ್ಲದೆ ಬಾಳಿದ ಮೇಲೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಗೆರೆ ಎಳೆದು, ಆ ಗೆರೆಯಗುಂಟ ಚರ್ಮವನ್ನು ಬಿಡಿಸಿ, ಬುಡದಲ್ಲಿ ಒಂದಿಷ್ಟು ಅಂಟಿಕೊಂಡಿರುವಂತೆಯೇ ಅದನ್ನು ಕೆಳಕ್ಕೆ ತಿರುಗಿಸಿ ಮೂಗಾಗಿ ಕೂರಿಸಿದ. ಹೊಲಿಗೆಯಿಲ್ಲ, ಬಟ್ಟೆಯ ಚೂರುಗಳಿಗೆ ಕಾಚನ್ನು ಸವರಿ ಒಂದರ ಮೇಲೊಂದು ಅಂಟಿಸಿದ, ಅಷ್ಟೆ. ಆ ವರದಿಯನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಿಯೆಯನ್ನು ನಡೆಸಿ ಗೆದ್ದ. ಯುರೋಪಿನ ವೈದ್ಯಕೀಯವು ಅದಕ್ಕೆ ‘ಭಾರತೀಯ ವಿಧಾನ’ ಎಂದೇ ಹೆಸರಿಟ್ಟಿತು.

ಈ ಕಥೆಯನ್ನು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳತಕ್ಕದ್ದೇ. ಆದರೆ ಕಾವಸ್‌ಜಿ ಕಳೆದುಕೊಂಡದ್ದು ಮೂಗೊಂದನ್ನೇ ಅಲ್ಲವಷ್ಟೆ. ಮೂಗು ಬಂತು. ಕೈ? ಅದನ್ನು ಆ ಕುಶಲಿಯೂ ಕೊಡಲಾರದಾಗಿದ್ದ. ಅವನ ವಿದ್ಯೆಯನ್ನು ಕಲಿತ ಕಾರ್ಪ್ಯೂ ಕೂಡ ಕೊಡಲಾರದಾಗಿದ್ದ. ಮುಖಕ್ಕೆ ಮಾನವನ್ನು ಮರಳಿಸುವ ವಿದ್ಯೆ ನಮ್ಮಲ್ಲಿ ಪುರಾತನವಾದದ್ದು. ಕೈಗೆ ಕೆಲಸವನ್ನು ಮರಳಿಸುವ ವಿದ್ಯೆ ಮಾತ್ರ ಎಳೆಯದು; ಅದಕ್ಕೆ ಇನ್ನೂ ನೂರು ವರ್ಷ ತುಂಬಿದೆಯೆನ್ನಲು ಸಂಕೋಚವಾಗಬೇಕು. ಇಂದು ಆ ವಿದ್ಯೆಯನ್ನು ಹೊತ್ತು, ತಮ್ಮ ರಜೆಯನ್ನೂ ಕೆಲವೊಮ್ಮೆ ತಮ್ಮ ಹಣವನ್ನೂ ವೆಚ್ಚಮಾಡಿ, ಕಡಲಾಚೆಯ ಬಡ ನಾಡುಗಳಿಗೆ ಹೋಗಿ ಅಪರಿಚಿತರ ಕೈಗಳನ್ನು ನೆಟ್ಟಗೆ ಮಾಡಿ ಬರುವ ಶಸ್ತ್ರವೈದ್ಯರಿದ್ದಾರೆ. ಅವರ ಕೆಲಸದ ಬಗೆಗೆ ನನಗಿರುವ ಗೌರವವನ್ನೂ, ಆ ಗೌರವದ ಜೊತೆಗೇ ಏಳುವ ಒಂದು ಪ್ರಶ್ನೆಯನ್ನೂ ಓದುಗರ ಮುಂದಿಡಬೇಕೆಂದು ಈ ಬರಹ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಸುಣ್ಣದ ಕಡ್ಡಿಯನ್ನು ಹಿಡಿದು ಬದುಕಿದ ಕೈಗೆ ಇನ್ನೊಂದು ಕೈಯ ಕಷ್ಟ ಸ್ವಲ್ಪವಾದರೂ ತಿಳಿದೀತೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಕೈಯೆಂಬ ಯಂತ್ರ

ನಮ್ಮ ನುಡಿ ಕೈಯನ್ನು ಎಷ್ಟು ನೆಚ್ಚಿಕೊಂಡಿದೆಯೆಂಬುದನ್ನು ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಕಾರ್ಯ ಕೈಗೂಡುತ್ತದೆ, ಅವಕಾಶ ಕೈತಪ್ಪುತ್ತದೆ, ನೆಂಟ ಕೈಹಿಡಿಯುತ್ತಾನೆ, ಗೆಳೆಯ ಕೈಬಿಡುತ್ತಾನೆ. ಏನೂ ಮಾಡಲಾರದವನನ್ನು ನಾವು ‘ಕೈಲಾಗದವನು’ ಎನ್ನುತ್ತೇವೆ. ಸಾಮರ್ಥ್ಯಕ್ಕೂ ಕೈಗೂ ನಮ್ಮ ಮಾತಿನಲ್ಲಿ ಭೇದವೇ ಇಲ್ಲ. ವೈದ್ಯನ ಮದ್ದಿಗಿಂತ ಹೆಚ್ಚಾಗಿ ಅವನ ‘ಕೈಗುಣ’ವನ್ನು ನಂಬುವ ಜನ ನಾವು.

ಇಂಥ ಕೈಯನ್ನು ಬಿಡಿಸಿ ನೋಡಿದರೆ ಅದರಲ್ಲಿ 27 ಎಲುಬುಗಳು. ಆದರೆ ಸೋಜಿಗವೆಂದರೆ, ಇಷ್ಟೆಲ್ಲ ಚಟುವಟಿಕೆಯ ಬೆರಳುಗಳನ್ನು ಆಡಿಸುವ ಸ್ನಾಯುಗಳು ಬೆರಳುಗಳಲ್ಲಿಲ್ಲ. ಅವು ಮುಂಗೈಯಲ್ಲೂ ಅಂಗೈಯಲ್ಲೂ ಇವೆ. ಅಲ್ಲಿಂದ ಹೊರಟ ಬಿಳಿಯ ಹುರಿಗಳು—ಅವಕ್ಕೆ ಸ್ನಾಯುರಜ್ಜುಗಳೆಂದು ಹೆಸರು—ಮಣಿಕಟ್ಟನ್ನು ದಾಟಿ ಬೆರಳಿನ ಗೆಣ್ಣುಗಳನ್ನು ಹಿಡಿದೆಳೆಯುತ್ತವೆ. ಉಪ್ಪಿನಕುದ್ರಿನ ಸೂತ್ರದ ಗೊಂಬೆಯಾಟವನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೊಂಬೆ ಕುಣಿಯುವುದು ಮುಂದೆ. ಎಳೆಯುವ ಕೈ ಇರುವುದು ಪರದೆಯ ಹಿಂದೆ. ಮುಂಗೈಯ ದೊಡ್ಡ ಸ್ನಾಯುಗಳು ಮುಷ್ಟಿಗೆ ಬಲ ಕೊಡುತ್ತವೆ. ಅಂಗೈಯೊಳಗಿನ ಪುಟ್ಟ ಸ್ನಾಯುಗಳು ಬೆರಳನ್ನು ಬುಡದಲ್ಲಿ ಬಾಗಿಸಿ ತುದಿಯಲ್ಲಿ ನೆಟ್ಟಗೆ ನಿಲ್ಲಿಸುತ್ತವೆ. ಲೇಖನಿ ಹಿಡಿಯುವುದು, ಸೂಜಿಗೆ ದಾರ ಪೋಣಿಸುವುದು, ಅನ್ನ ಕಲಸಿ ತುತ್ತು ಮಾಡುವುದು, ಇವೆಲ್ಲ ಆ ಪುಟ್ಟವುಗಳ ಕೃಪೆ.

ಗಾಯವಾದ ಕೈಯನ್ನು ಶಸ್ತ್ರವೈದ್ಯ ಮುಟ್ಟಲು ಅಂಜುತ್ತಿದ್ದುದು ಇದರಿಂದಲೇ. ಚರ್ಮ, ಎಲುಬು, ನರ, ರಜ್ಜು, ರಕ್ತನಾಳ ಇವೆಲ್ಲ ಬೊಗಸೆಯಷ್ಟು ಜಾಗದಲ್ಲಿ ಒತ್ತೊತ್ತಾಗಿ ಇರುವ ಕಡೆ ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡುತ್ತದೆ. ಹೊಲಿದ ರಜ್ಜು ಸುತ್ತಲಿನ ಮಾಂಸಕ್ಕೆ ಅಂಟಿಕೊಂಡರೆ ಬೆರಳು ಅಲ್ಲಾಡದು. ಸ್ಯಾನ್‌ಫ್ರಾನ್ಸಿಸ್ಕೋದ ಸ್ಟರ್ಲಿಂಗ್ ಬನೆಲ್ ಎಂಬ ವೈದ್ಯರು ಇದನ್ನೆಲ್ಲ ದಶಕಗಳ ಕಾಲ ಅಭ್ಯಾಸಮಾಡಿ 1944ರಲ್ಲಿ ಕೈಯ ಶಸ್ತ್ರವೈದ್ಯವನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಹೊರತಂದರು. ಎರಡನೆಯ ಮಹಾಯುದ್ಧದಲ್ಲಿ ಕೈ ಮುರಿದುಕೊಂಡು ಬಂದ ಸಿಪಾಯಿಗಳು ಸಾವಿರಗಟ್ಟಲೆ. ಅವರ ಆರೈಕೆಗೆಂದೇ ಅಮೆರಿಕದ ಸೈನ್ಯ ಪ್ರತ್ಯೇಕ ಕೇಂದ್ರಗಳನ್ನು ತೆರೆಯಿತು. 1946ರಲ್ಲಿ ಕೈಯ ಶಸ್ತ್ರವೈದ್ಯರ ಸಂಘವೊಂದು ಅಲ್ಲಿ ಹುಟ್ಟಿತು. ಯುದ್ಧವೆಂಬ ಅನಿಷ್ಟದ ಮಡಿಲಲ್ಲಿ ಹುಟ್ಟಿದ ಶುಭಗಳಲ್ಲಿ ಇದೂ ಒಂದು.

ವೆಲ್ಲೂರಿಗೆ ಬಂದವರು

ಅದೇ 1946ರಲ್ಲಿ ಪಾಲ್ ಬ್ರ್ಯಾಂಡ್ ಎಂಬ ತರುಣ ಶಸ್ತ್ರವೈದ್ಯರು ಇಂಗ್ಲೆಂಡಿನಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಪರದೇಶಕ್ಕೆ ಬಂದವರೆನ್ನುವುದಕ್ಕಿಂತ ಮರಳಿ ಬಂದವರೆನ್ನುವುದು ಮೇಲು. ಅವರು ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ತಂದೆತಾಯಿ ಅಲ್ಲಿ ಮಿಶನರಿಗಳು. ಒಂಬತ್ತರ ವಯಸ್ಸಿನಲ್ಲಿ ಓದಿಗೆಂದು ಇಂಗ್ಲೆಂಡಿಗೆ ಹೋದ ಹುಡುಗ ತಂದೆಯನ್ನು ಮತ್ತೆ ನೋಡಲಿಲ್ಲ. 1929ರಲ್ಲಿ ಜ್ವರ ಅವರನ್ನು ಒಯ್ದಿತು. ಮಗ ಮೊದಲು ಕಲಿತದ್ದು ಬಡಗಿಯ ಮತ್ತು ಮನೆ ಕಟ್ಟುವ ಕೆಲಸವನ್ನು, ವೈದ್ಯವನ್ನು ಆಮೇಲೆ. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ದಿನಗಳಲ್ಲಿ ಶಸ್ತ್ರವಿದ್ಯೆಯಲ್ಲಿ ಪಳಗಿದರು. ಉಳಿಯ ಮೊನೆಯಿಂದ ಮರದ ಗುಣವನ್ನು ಅರಿತಿದ್ದ ಆ ಕೈಗೆ ಮುಂದೆ ಮನುಷ್ಯನ ಕೈಯೇ ಜೀವಮಾನದ ವಿಷಯವಾದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

1947ರಲ್ಲಿ ಚೆಂಗಲಪಟ್ಟಿನ ಕುಷ್ಠರೋಗ ಚಿಕಿತ್ಸಾಲಯಕ್ಕೆ ಅವರು ಹೋದರು. ಅಲ್ಲಿನ ಮುಖ್ಯಸ್ಥ ರಾಬರ್ಟ್ ಕಾಕ್ರನ್ ಅವರು ಚರ್ಮದ ವಿಷಯವನ್ನು ವಿವರಿಸುತ್ತಿದ್ದರೆ ಬ್ರ್ಯಾಂಡರ ಕಣ್ಣು ರೋಗಿಗಳ ಕೈಗಳಲ್ಲಿ ನೆಟ್ಟಿತ್ತು. ಹದ್ದಿನ ಪಂಜದಂತೆ ಒಳಕ್ಕೆ ಬಾಗಿದ ಕೈಗಳು, ಮೋಟಾದ ಬೆರಳುಗಳು. ಇವುಗಳಿಗೆ ಏನು ಚಿಕಿತ್ಸೆಯೆಂದು ಕೇಳಿದರೆ ಉತ್ತರವಿರಲಿಲ್ಲ. ಕುಷ್ಠರೋಗಿಯ ಕೈಯನ್ನು ಅಭ್ಯಾಸಮಾಡಿದ ಮೂಳೆವೈದ್ಯನೇ ಅದುವರೆಗೆ ಅಲ್ಲಿಗೆ ಬಂದಿರಲಿಲ್ಲ. ಬ್ರ್ಯಾಂಡರು ಒಬ್ಬ ರೋಗಿಯ ಬಾಗಿದ ಕೈಯೊಳಗೆ ತಮ್ಮ ಕೈಯನ್ನಿಟ್ಟು, ಹಿಸುಕು ಎಂದರು. ಹಿಡಿತದ ಬಿಗಿಗೆ ಅವರಿಗೇ ನೋವಾಯಿತು. ಸತ್ತಿತೆಂದು ಲೋಕವೆಲ್ಲ ಕೈಬಿಟ್ಟಿದ್ದ ಕೈಯಲ್ಲಿ ಅಷ್ಟೊಂದು ಬಲ ಎಲ್ಲಿಂದ ಬಂತು? ಆ ಒಂದು ಪ್ರಶ್ನೆಯಿಂದ ಹೊಸ ವೈದ್ಯವೇ ಹುಟ್ಟಿತೆನ್ನಬಹುದು.

ಉತ್ತರ ದೊರೆಯಲು ವರ್ಷಗಳು ಬೇಕಾದವು. ಕುಷ್ಠದ ಕ್ರಿಮಿಯನ್ನು ನಾರ್ವೆಯ ಹಾನ್ಸನ್ 1873ರಲ್ಲಿಯೇ ಕಂಡುಹಿಡಿದಿದ್ದ. ಆ ಕ್ರಿಮಿಗೆ ದೇಹದ ತಂಪಾದ ಭಾಗಗಳೆಂದರೆ ಪ್ರೀತಿ. ಮೊಣಕೈಯ ಒಳಮೂಲೆ ಎಲ್ಲಿಗಾದರೂ ತಗುಲಿದಾಗ ಕಿರುಬೆರಳವರೆಗೆ ಜುಮ್ಮೆನ್ನುತ್ತದಲ್ಲ, ಅಲ್ಲಿ ನರವೊಂದು ಚರ್ಮಕ್ಕೆ ತೀರ ಸಮೀಪದಲ್ಲಿ ಹಾಯುತ್ತದೆ. ರೋಗ ಹಿಡಿಯುವುದು ಅಂಥ ಎಡೆಯನ್ನು. ಆ ನರ ಕೆಟ್ಟರೆ ಅಂಗೈಯ ಪುಟ್ಟ ಸ್ನಾಯುಗಳು ಸೋಲುತ್ತವೆ, ಬೆರಳು ಬಾಗುತ್ತದೆ, ಸ್ಪರ್ಶ ಹೋಗುತ್ತದೆ. ಆದರೆ ಮುಂಗೈಯ ದೊಡ್ಡ ಸ್ನಾಯುಗಳಿಗೆ ಹೋಗುವ ನರಗಳು ಆಳದ ಬೆಚ್ಚನೆಯಲ್ಲಿ ಬಹುಮಟ್ಟಿಗೆ ಕ್ಷೇಮವಾಗಿರುತ್ತವೆ. ಹಿಸುಕಿದ ಬಲ ಅವುಗಳದ್ದು.

ಇನ್ನು ಬೆರಳು ಕರಗುವ ಮಾತು. ಕುಷ್ಠದಲ್ಲಿ ಮಾಂಸ ತಾನಾಗಿಯೇ ಕೊಳೆತು ಉದುರುತ್ತದೆಯೆಂದು ಜನರೂ ನಂಬಿದ್ದರು, ವೈದ್ಯರೂ ನಂಬಿದ್ದರು. ಹೀಗೆ ಕೊಳೆಯುವ ಕೈಗೆ ಶಸ್ತ್ರ ಹಿಡಿದು ಏನು ಫಲವೆಂಬುದು ಎಲ್ಲರ ವಾದ. ಒಂದು ದಿನ ತುಕ್ಕು ಹಿಡಿದ ಬೀಗವನ್ನು ತೆಗೆಯಲಾರದೆ ಬ್ರ್ಯಾಂಡರು ಒದ್ದಾಡುತ್ತಿದ್ದಾಗ ಪುಟ್ಟ ರೋಗಿಯೊಬ್ಬ ಬಂದು ಕೀಲಿಯನ್ನು ಸುಲಭವಾಗಿ ತಿರುಗಿಸಿಬಿಟ್ಟ. ನೋಡಿದರೆ ಅವನ ಬೆರಳು ಎಲುಬಿನವರೆಗೆ ಸೀಳಿ ರಕ್ತ ಸುರಿಯುತ್ತಿದೆ. ಹುಡುಗನಿಗೆ ಅದರ ಪರಿವೆಯೇ ಇಲ್ಲ. ಬೆರಳುಗಳನ್ನು ತಿನ್ನುವುದು ರೋಗವಲ್ಲ, ನೋವಿಲ್ಲದಿರುವಿಕೆ ಎಂಬುದು ಮೆಲ್ಲಮೆಲ್ಲಗೆ ಖಚಿತವಾಯಿತು. ಬಿಸಿ ಪಾತ್ರೆ, ಒರಟು ಹಿಡಿ, ಆರದ ಗಾಯ, ಒಳಗೆ ಸೇರಿದ ನಂಜು: ಒಂದೊಂದಾಗಿ ಕಾರಣಗಳು ಸಿಕ್ಕವು. ರಾತ್ರಿ ಮಲಗಿದ್ದವನ ಬೆರಳು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿದ್ದುದಕ್ಕೆ ಕಾವಲು ಕುಳಿತು ನೋಡಿದಾಗ ಇಲಿಗಳು ಕಡಿಯುತ್ತಿದ್ದುದು ತಿಳಿಯಿತು. ಆಮೇಲೆ ಮನೆಗೆ ಹೊರಟ ರೋಗಿಗೆ ಮದ್ದಿನೊಡನೆ ಒಂದು ಬೆಕ್ಕನ್ನೂ ಕೊಟ್ಟು ಕಳಿಸತೊಡಗಿದರು. ಶತಮಾನಗಳ ಶಾಪವೆಂಬ ನಂಬಿಕೆಯನ್ನು ಒಂದು ಬೆಕ್ಕು ಅಷ್ಟರಮಟ್ಟಿಗೆ ಅಲುಗಾಡಿಸಿತು.

ಹುರಿಯನ್ನು ಬದಲಾಯಿಸುವುದು

ಶಸ್ತ್ರಕ್ರಿಯೆಯ ತತ್ವ ಸರಳವಾದದ್ದು. ಒಂದೊಂದು ಬೆರಳನ್ನೂ ಮಡಿಸಲು ಎರಡೆರಡು ರಜ್ಜುಗಳಿವೆ. ಎರಡರಲ್ಲೊಂದನ್ನು ಸಾಲ ತೆಗೆದರೆ ಮುಷ್ಟಿಗೆ ಹೆಚ್ಚಿನ ಊನವಿಲ್ಲ. ಹಾಗೆ ಒಂದನ್ನು ಬಿಡಿಸಿ, ಎಳೆಗಳಾಗಿ ಸೀಳಿ, ಬೆರಳಿನ ಬದಿಯಿಂದ ಹಾಯಿಸಿ, ಸೋತ ಸ್ನಾಯು ಎಲ್ಲಿ ಎಳೆಯುತ್ತಿತ್ತೋ ಅಲ್ಲಿಗೆ ಹೊಲಿಯುವುದು. ಬನೆಲ್ ಮೊದಲಾದವರು ಬೇರೆ ಬೇರೆ ಗಾಯಗಳಿಗೆ ಬಳಸಿದ್ದ ಈ ಯುಕ್ತಿಯನ್ನು ವೆಲ್ಲೂರಿನವರು ಕುಷ್ಠದ ಕೈಗೆ ಒಗ್ಗಿಸಿದರು. ಮುಂದೆ ಮಣಿಕಟ್ಟನ್ನು ಎತ್ತುವ ಸ್ನಾಯುವಿಗೆ ಕಾಲಿನಿಂದ ತೆಗೆದ ರಜ್ಜುವನ್ನು ನಾಲ್ಕು ಬಾಲ ಮಾಡಿ ಜೋಡಿಸುವ ತಮ್ಮದೇ ಆದ ವಿಧಾನವನ್ನೂ ಕಂಡುಕೊಂಡರು.

ಆದರೆ ಹೊಲಿಗೆ ಮುಗಿದೊಡನೆ ಕೈ ಬಂತೆಂದಲ್ಲ. ಮೂರು ವಾರ ಪ್ಲಾಸ್ಟರಿನಲ್ಲಿ ಇರಬೇಕು. ಪ್ಲಾಸ್ಟರ್ ಬಿಚ್ಚಿದ ಮೇಲೆ ನಿಜವಾದ ಕೆಲಸ ತೊಡಗುತ್ತದೆ. ನಿನ್ನೆಯವರೆಗೆ ಬೆರಳನ್ನು ಮಡಿಸುತ್ತಿದ್ದ ಸ್ನಾಯು ಇಂದು ಅದನ್ನು ನೆಟ್ಟಗೆ ಮಾಡಬೇಕು. ಮೆದುಳಿಗೆ ಮಾತ್ರ ಈ ಬದಲಾವಣೆಯ ಸುದ್ದಿಯಿಲ್ಲ. ಅದಕ್ಕೆ ಹೊಸ ಪಾಠ ಹೇಳಿಕೊಡಬೇಕು, ದಿನದಿನವೂ, ವಾರಗಟ್ಟಲೆ. ಹೇಳಿಕೊಡುವವರು ಶಸ್ತ್ರವೈದ್ಯರಲ್ಲ, ಪಕ್ಕದಲ್ಲಿ ಕುಳಿತು ಒಂದೊಂದು ಬೆರಳನ್ನೂ ಮಗುವಿನಂತೆ ನಡೆಸುವ ಫಿಸಿಯೋಥೆರಪಿಸ್ಟರು.

ಈ ಪಾಠದ ಸ್ವರೂಪ ನನಗೆ ತಿಳಿದದ್ದು ಪುಸ್ತಕದಿಂದಲ್ಲ. ಕೋಲಾರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕೆಲಸದಲ್ಲಿದ್ದಾಗ ಸಂತೆಯ ದಿನ ಬುಟ್ಟಿ ಮಾರಲು ಬರುತ್ತಿದ್ದ ಒಬ್ಬ ವೃದ್ಧರಿದ್ದರು. ಅವರ ಕೈಯ ಚಲನೆ ಮಿಕ್ಕವರಂತಿರಲಿಲ್ಲ. ಪ್ರತಿ ಬಾರಿಯೂ ಅರೆಕ್ಷಣ ಯೋಚಿಸಿ ಹೆಜ್ಜೆಯಿಡುವಂತೆ ಬೆರಳುಗಳು ಏಳುತ್ತಿದ್ದವು. ಸಲಿಗೆ ಬೆಳೆದ ಮೇಲೆ ಕೇಳಿದೆ. ಅವರಿಗೆ ಹರೆಯದಲ್ಲಿ ಕುಷ್ಠವಾಗಿತ್ತು. ವೆಲ್ಲೂರಿಗೆ ಹೋಗಿ ಎರಡು ಕೈಗೂ ಶಸ್ತ್ರ ಮಾಡಿಸಿಕೊಂಡಿದ್ದರು.

“ಮಡಿಚಬೇಕು ಅಂತ ಮನಸ್ಸಲ್ಲಿ ಅಂದ್ಕೋಬೇಕು ಮೇಷ್ಟ್ರೇ, ಆಗ ಬೆರಳು ನೆಟ್ಟಗಾಗ್ತಿತ್ತು. ಒಂದು ತಿಂಗಳು ಒದ್ದಾಡ್ದೆ. ಆಮೇಲೆ ಅದಕ್ಕೇ ಗೊತ್ತಾಯ್ತು, ಇವನಿಗೆ ಏನು ಬೇಕು ಅಂತ” ಎಂದರು.

ಚಹಾದ ಅಂಗಡಿಯವನು ಲೋಟ ತಂದಿಟ್ಟ. ಅವರು ಹೆಗಲ ಮೇಲಿನ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಲೋಟಕ್ಕೆ ಸುತ್ತಿ, ಕಣ್ಣಿನಿಂದ ಬೆರಳುಗಳನ್ನು ಒಮ್ಮೆ ಎಣಿಸಿದಂತೆ ನೋಡಿ, ಎತ್ತಿಕೊಂಡರು.

“ಕೈ ಬಂತು. ಬಿಸಿ ತಣ್ಣಗೆ ತಿಳಿಯೋದು ಬರಲಿಲ್ಲ. ಅದು ಬರೋದಿಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದ್ರು. ಅದಕ್ಕೇ ಕಣ್ಣನ್ನ ಕೈಗೆ ಕಾವಲಿಟ್ಟಿದ್ದೀನಿ.”

ಶಸ್ತ್ರವೈದ್ಯದ ಹಿರಿಮೆಯೂ ಅದರ ಎಲ್ಲೆಯೂ ಆ ಎರಡು ಮಾತುಗಳಲ್ಲಿ ಬಂದುಹೋಗಿದ್ದವು. ವೈದ್ಯ ಕೊಟ್ಟದ್ದು ಚಲನೆಯನ್ನು. ಉಳಿದದ್ದನ್ನು ಈ ಮನುಷ್ಯ ನಲವತ್ತು ವರ್ಷಗಳಿಂದ ದಿನವೂ ತಾನೇ ಕಾಯ್ದುಕೊಂಡು ಬಂದಿದ್ದ. ಹೀಗೆ ಕಾಯುವುದನ್ನೂ ಅವನಿಗೆ ಯಾರೋ ಕಲಿಸಿದ್ದರು. ಕಲಿಸಲು ಅಲ್ಲಿ ಅವರು ಇದ್ದರು, ಬಂದು ಹೊರಟುಹೋಗಿರಲಿಲ್ಲ.

ಭಿಕ್ಷೆಗೆ ಬಾರದ ಕೈ

ವೆಲ್ಲೂರಿನವರೂ ಇದನ್ನು ಮೊದಲಿಗೇ ಅರಿತವರಲ್ಲ. ಆರಂಭದಲ್ಲಿ ಕೈ ಸರಿಪಡಿಸಿಕೊಂಡು ಸಂತೋಷದಿಂದ ಹೋದ ರೋಗಿಯೊಬ್ಬ ಕೆಲವು ದಿನಗಳಲ್ಲಿ ಹಿಂತಿರುಗಿ ಬಂದ. ನೀವು ಕೊಟ್ಟ ಕೈ ಭಿಕ್ಷೆಗೆ ಒಳ್ಳೆಯದಲ್ಲ ಎಂಬುದು ಅವನ ದೂರು. ಬಾಗಿದ ಕೈಗೆ ಬೀಳುತ್ತಿದ್ದ ಕಾಸು ನೆಟ್ಟಗಿನ ಕೈಗೆ ಬೀಳುವುದಿಲ್ಲ. ಕುಷ್ಠರೋಗಿಯೆಂಬ ಗುರುತು ಮುಖದ ಮೇಲಿರುವುದರಿಂದ ಕೆಲಸವನ್ನೂ ಯಾರೂ ಕೊಡುವುದಿಲ್ಲ, ಬಾಡಿಗೆಗೆ ಮನೆಯನ್ನೂ ಕೊಡುವುದಿಲ್ಲ. ಉಪಕಾರ ಮಾಡಿದೆವೆಂದು ತಿಳಿದವರಿಗೆ ಇದಕ್ಕಿಂತ ಕಠಿಣವಾದ ಪಾಠ ಬೇರೊಂದಿರಲಾರದು.

ಬ್ರ್ಯಾಂಡರು ಆ ಮಾತನ್ನು ಕೃತಘ್ನತೆಯೆಂದು ತಳ್ಳಿಹಾಕಲಿಲ್ಲ. 1951ರ ಸುಮಾರಿಗೆ ಕಾಲೇಜಿನ ಆವರಣದಲ್ಲಿ ಮಣ್ಣಿನ ಗುಡಿಸಲುಗಳ ಒಂದು ಹಳ್ಳಿ ಎದ್ದಿತು. ನವಜೀವ ನಿಲಯವೆಂದು ಅದರ ಹೆಸರು. ಹೊಸ ಕೈ ಪಡೆದವರು ಅಲ್ಲಿ ಮರಗೆಲಸ ಕಲಿತರು, ಆಟದ ಸಾಮಾನು ಮಾಡಿದರು. ಗುರು ಬೇರಾರೂ ಅಲ್ಲ, ಹಿಂದೆ ಬಡಗಿಯಾಗಿದ್ದ ಶಸ್ತ್ರವೈದ್ಯರೇ. ಯಾವ ಸಾಧನದ ಹಿಡಿ ಸ್ಪರ್ಶವಿಲ್ಲದ ಅಂಗೈಯನ್ನು ಗಾಯಗೊಳಿಸುತ್ತದೆ, ಯಾವುದಕ್ಕೆ ಮೆತ್ತೆ ಸುತ್ತಬೇಕು ಎಂಬುದನ್ನು ಗುರುಶಿಷ್ಯರು ಕೂಡಿ ಕಲಿತರು. ಅವರ ಪತ್ನಿ ಮಾರ್ಗರೆಟ್ ಬ್ರ್ಯಾಂಡರು ಇದೇ ರೋಗಿಗಳ ಕಣ್ಣುಗಳನ್ನು ಉಳಿಸುವ ಕೆಲಸವನ್ನು ಕೈಗೊಂಡರು. 1955ರಲ್ಲಿ ವೆಲ್ಲೂರಿನ ಹತ್ತಿರ ಕರಿಗಿರಿಯ ಕುಷ್ಠರೋಗ ಸಂಶೋಧನಾಲಯ ಸ್ಥಾಪನೆಯಾಯಿತು; ಅರ್ನೆಸ್ಟ್ ಫ್ರಿಟ್ಷಿಯವರಂಥ ಶಸ್ತ್ರವೈದ್ಯರು ಅಲ್ಲಿ ಈ ವಿದ್ಯೆಯನ್ನು ಬೆಳೆಸಿದರು.

ಈ ಪರಂಪರೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದವರು ಡಾಕ್ಟರ್ ಮೇರಿ ವರ್ಗೀಸ್. ಕೇರಳದಿಂದ ಬಂದು ವೆಲ್ಲೂರಿನಲ್ಲಿ ವೈದ್ಯೆಯಾದ ಈಕೆ 1954ರಲ್ಲಿ ರಸ್ತೆಯ ಅಪಘಾತವೊಂದರಲ್ಲಿ ಸೊಂಟದ ಕೆಳಗಿನ ಚಲನೆಯನ್ನು ಶಾಶ್ವತವಾಗಿ ಕಳೆದುಕೊಂಡರು. ನಿಲ್ಲಲಾರದವರು ಶಸ್ತ್ರವೈದ್ಯರಾಗುವುದೆಂತು? ಕೈಯ ಶಸ್ತ್ರಕ್ರಿಯೆಯನ್ನು ಕುಳಿತೇ ಮಾಡಬಹುದಲ್ಲ! ಗಾಲಿಕುರ್ಚಿಯಲ್ಲಿ ಕುಳಿತು ಅವರು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸತೊಡಗಿದರು. ನಡೆಯಲಾರದ ವೈದ್ಯೆಯ ಕೈ, ಹಿಡಿಯಲಾರದ ರೋಗಿಯ ಕೈಯನ್ನು ಹಿಡಿಯಿತು. ಮುಂದೆ ಅಂಗವಿಕಲರ ಪುನರ್ವಸತಿಯ ಇಲಾಖೆಯನ್ನೇ ಅವರು ವೆಲ್ಲೂರಿನಲ್ಲಿ ಕಟ್ಟಿದರು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬ್ರ್ಯಾಂಡರ ವೆಲ್ಲೂರಿನ ವಾಸ ಫಲಿಸಿತೋ ಇಲ್ಲವೋ ಎಂಬುದಕ್ಕೆ ಅವರು ಕೈಯಾರೆ ನಡೆಸಿದ ಶಸ್ತ್ರಕ್ರಿಯೆಗಳ ಲೆಕ್ಕವನ್ನು ನಾನು ಕೇಳುವುದಿಲ್ಲ. ಇಂಥವರು ಅಲ್ಲಿ ತಯಾರಾದರೆಂಬುದೇ ಸಾಕು.

ಎರಡು ವಾರದ ಅತಿಥಿಗಳು

ಎಲ್ಲರೂ ಎರಡು ದಶಕ ಪರನಾಡಿನಲ್ಲಿ ನೆಲಸಲಾರರು. ಮನೆಯಿದೆ, ಮಕ್ಕಳಿದ್ದಾರೆ, ತಮ್ಮೂರಿನ ಆಸ್ಪತ್ರೆಯ ಹೊಣೆಯಿದೆ. ವರ್ಷಕ್ಕೆ ಒಂದೆರಡು ವಾರವನ್ನಾದರೂ ಕೊಟ್ಟೇವು ಎನ್ನುವ ವೈದ್ಯರಿಂದ ಇನ್ನೊಂದು ಬಗೆಯ ಸೇವೆ ಬೆಳೆಯಿತು. ಅಮೆರಿಕದ ಮೂಳೆವೈದ್ಯರು 1959ರಲ್ಲಿ ‘ಆರ್ಥೋಪೀಡಿಕ್ಸ್ ಓವರ್‌ಸೀಸ್’ ಎಂಬ ಸಂಸ್ಥೆಯನ್ನು ತೊಡಗಿದರು. ಸ್ಟ್ಯಾನ್‌ಫರ್ಡಿನ ಪ್ಲಾಸ್ಟಿಕ್ ಶಸ್ತ್ರವೈದ್ಯ ಡೊನಾಲ್ಡ್ ಲಾಬ್ 1969ರಲ್ಲಿ ‘ಇಂಟರ್‌ಪ್ಲಾಸ್ಟ್’ ಅನ್ನು ಸ್ಥಾಪಿಸಿದರು. ಶಸ್ತ್ರವೈದ್ಯ, ಅರಿವಳಿಕೆಯ ವೈದ್ಯ, ದಾದಿಯರು ಒಂದು ತಂಡವಾಗಿ, ಪೆಟ್ಟಿಗೆಗಳಲ್ಲಿ ಸಾಮಗ್ರಿ ತುಂಬಿಕೊಂಡು ಹೊರಡುವ ಪದ್ಧತಿ ಹೀಗೆ ಬಲಿಯಿತು. ಅಮೆರಿಕದ ಕೈ ಶಸ್ತ್ರವೈದ್ಯರ ಸಂಘವೂ ಈಚೆಗೆ ಹೈಟಿ, ಹೊಂಡುರಾಸ್ ಮೊದಲಾದ ನಾಡುಗಳಿಗೆ ಸ್ವಯಂಸೇವಕರನ್ನು ಕಳಿಸುತ್ತಿದೆ.

ಅವರ ಮುಂದೆ ಬಂದು ನಿಲ್ಲುವ ಕೈಗಳು ಎಂಥವು? ಹುಟ್ಟುವಾಗಲೇ ಎರಡು ಬೆರಳು ಕೂಡಿಕೊಂಡ ಮಕ್ಕಳ ಕೈ. ಯಂತ್ರಕ್ಕೆ ಸಿಕ್ಕಿದ ಕೈ. ಮುರಿದಾಗ ಸರಿಯಾಗಿ ಕಟ್ಟದೆ ಸೊಟ್ಟಗೆ ಕೂಡಿದ ಕೈ. ಎಲ್ಲಕ್ಕಿಂತ ಕರುಣಾಜನಕವಾದದ್ದು ಬೆಂದ ಕೈ. ನೆಲದ ಮೇಲೆ ಒಲೆ ಹೂಡುವ ಮನೆಗಳಲ್ಲಿ ಅಂಬೆಗಾಲಿಡುವ ಮಗು ಕೆಂಡದ ಮೇಲೆ ಅಂಗೈಯೂರುತ್ತದೆ. ಗಾಯವೇನೋ ಆರುತ್ತದೆ, ಆರುತ್ತ ಆರುತ್ತ ಕಲೆ ಸೆಳೆದುಕೊಂಡು ಬೆರಳುಗಳನ್ನು ಅಂಗೈಗೆ ಅಂಟಿಸಿಬಿಡುತ್ತದೆ. ಅದನ್ನು ಬಿಡಿಸಿ, ಬೆರಳುಗಳನ್ನು ಚಾಚಿ, ತೆರವಾದ ಜಾಗಕ್ಕೆ ತೊಡೆಯ ಚರ್ಮವನ್ನು ಹೊದಿಸುವುದು ನುರಿತವರಿಗೆ ಒಂದೆರಡು ತಾಸಿನ ಕೆಲಸ. ಒಂದು ಬೆಳಗಿನಲ್ಲಿ ಒಂದು ಮಗುವಿನ ಇಡೀ ಬಾಳು ತಿರುಗಿಬಿಡಬಲ್ಲದು. ಇದನ್ನು ಲಘುವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ.

ನನ್ನ ಪ್ರಶ್ನೆ ಏಳುವುದು ಇಲ್ಲಿಯೇ. ಹೊದಿಸಿದ ಚರ್ಮಕ್ಕೂ ಸೆಳೆದುಕೊಳ್ಳುವ ಸ್ವಭಾವವುಂಟು. ತಿಂಗಳುಗಟ್ಟಲೆ ಪಟ್ಟಿ ಕಟ್ಟಿ ಬೆರಳುಗಳನ್ನು ಚಾಚಿಟ್ಟಿರಬೇಕು. ಮಗು ಬೆಳೆದಂತೆ ಮತ್ತೆ ನೋಡಬೇಕು. ಕೆಲವೊಮ್ಮೆ ಮತ್ತೊಮ್ಮೆ ಕೊಯ್ಯಬೇಕು. ಅತಿಥಿಗಳ ವಿಮಾನ ಏರಿಹೋದ ಮೇಲೆ ಇದನ್ನೆಲ್ಲ ಮಾಡುವವರು ಯಾರು? ಗಾಯಕ್ಕೆ ಕೀವು ತುಂಬಿದರೆ ತಾಯಿ ಯಾರ ಬಾಗಿಲನ್ನು ತಟ್ಟಬೇಕು? ತಂಡ ಬರುತ್ತದೆಂದು ಕೇಳಿ ಎರಡು ದಿನ ನಡೆದು ಬಂದವರ ಸಾಲಿನಲ್ಲಿ ಈ ಸಲ ನಿಮ್ಮದಾಗದು ಎನ್ನಿಸಿಕೊಂಡು ಹಿಂತಿರುಗುವವರ ಗತಿಯೇನು? ಇವು ಹೊರಗಿನ ಟೀಕಾಕಾರರ ಪ್ರಶ್ನೆಗಳಲ್ಲ. ಆ ವೈದ್ಯರೇ ತಮ್ಮನ್ನು ತಾವು ಕೇಳಿಕೊಂಡವು.

‘ಲಾನ್ಸೆಟ್’ ಪತ್ರಿಕೆ ನೇಮಿಸಿದ ಆಯೋಗವೊಂದು 2015ರಲ್ಲಿ ಕೊಟ್ಟ ಲೆಕ್ಕ ಕಣ್ಣು ತೆರೆಸುವಂಥದು. ಜಗತ್ತಿನಲ್ಲಿ 500 ಕೋಟಿ ಜನಕ್ಕೆ ಸುರಕ್ಷಿತವಾದ, ಕೈಗೆಟಕುವ ಬೆಲೆಯ ಶಸ್ತ್ರಚಿಕಿತ್ಸೆ ದೊರೆಯುತ್ತಿಲ್ಲ. ಬಡ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ ವರ್ಷಕ್ಕೆ ಇನ್ನೂ 14.3 ಕೋಟಿ ಶಸ್ತ್ರಕ್ರಿಯೆಗಳು ನಡೆಯಬೇಕಾಗಿವೆ. ಎಷ್ಟು ವಿಮಾನಗಳು ಹಾರಿದರೆ ಈ ಕೊರತೆ ತುಂಬೀತು? ಕೊಡದಿಂದ ನೀರೆರೆದು ಕೆರೆ ತುಂಬಿಸಿದವರುಂಟೆ? ಕೆರೆಗೆ ಬೇಕಾದದ್ದು ಅದರದ್ದೇ ಆದ ತೂಬು, ಕಾಲುವೆ, ಒರತೆ.

ಹಾಗಾಗಿ ಒಳ್ಳೆಯ ಸಂಸ್ಥೆಗಳು ಕ್ರಮೇಣ ದಾರಿಯನ್ನು ಬದಲಾಯಿಸಿವೆ. ಇಂಟರ್‌ಪ್ಲಾಸ್ಟ್ 2010ರಲ್ಲಿ ‘ರಿಸರ್ಜ್’ ಎಂಬ ಹೆಸರನ್ನು ತಳೆಯಿತು. ಹೊರಗಿನವರು ಹೋಗಿ ಕೊಯ್ದು ಬರುವುದಕ್ಕಿಂತ ಅಲ್ಲಿಯ ಶಸ್ತ್ರವೈದ್ಯರಿಗೆ ತರಬೇತಿಯನ್ನೂ ನೆರವನ್ನೂ ಕೊಟ್ಟು ಅವರ ಕೈಯಿಂದಲೇ ಕೆಲಸ ನಡೆಸುವುದು ಈಗ ಅದರ ಮುಖ್ಯ ರೀತಿ. ಆರ್ಥೋಪೀಡಿಕ್ಸ್ ಓವರ್‌ಸೀಸ್‌ನ ಬೇರಿನಿಂದ 1986ರಲ್ಲಿ ಚಿಗುರಿದ ‘ಹೆಲ್ತ್ ವಾಲಂಟಿಯರ್ಸ್ ಓವರ್‌ಸೀಸ್’ ಮೊದಲಿಂದಲೂ ಪಾಠ ಹೇಳುವುದನ್ನೇ ಗುರಿಯಾಗಿಟ್ಟುಕೊಂಡದ್ದು. ಶಸ್ತ್ರವೈದ್ಯನ ಜೊತೆಗೆ ಕೈಯ ಫಿಸಿಯೋಥೆರಪಿಸ್ಟರೂ ಹೋಗಬೇಕೆಂಬ ತಿಳಿವಳಿಕೆ ಬಲವಾಗಿದೆ. ಹಾಗೆ ಹೋದವನು ಮೇಜಿನ ಆಚೆ ನಿಂತು, ಕತ್ತರಿಯನ್ನು ಅಲ್ಲಿಯ ಕಿರಿಯನ ಕೈಗೆ ಕೊಟ್ಟು, ತಾನು ತೋರಿಸಲು ಮಾತ್ರ ಬೆರಳು ಚಾಚುತ್ತಾನೆ. ಅವನು ಮನೆಗೆ ಮರಳಿದಾಗ ಹೇಳಿಕೊಳ್ಳಲು ಶಸ್ತ್ರಕ್ರಿಯೆಗಳ ಸಂಖ್ಯೆ ಕಡಮೆಯಿರಬಹುದು. ಪಾಠ ಹೇಳಿದವರಿಗೆ ಈ ಲೆಕ್ಕ ಅಪರಿಚಿತವಲ್ಲ. ಶಿಷ್ಯನ ಉತ್ತರಪತ್ರಿಕೆಯನ್ನು ತಾನೇ ಬರೆದುಕೊಟ್ಟ ಗುರು ಎಲ್ಲರನ್ನೂ ತೇರ್ಗಡೆ ಮಾಡಿಸಿಯಾನು; ಒಬ್ಬನಿಗೂ ವಿದ್ಯೆ ಕೊಟ್ಟಿರಲಾರ.

ಕೊಟ್ಟವರು ಪಡೆದದ್ದು

ಕೊಡುವವನೊಬ್ಬ, ಪಡೆಯುವವನೊಬ್ಬ ಎಂದು ನಾವು ತಿಳಿಯುತ್ತೇವೆ. ಬ್ರ್ಯಾಂಡರ ಕಥೆಯ ಉತ್ತರಾರ್ಧ ಇದನ್ನೂ ತಿದ್ದುತ್ತದೆ. 1966ರಲ್ಲಿ ಅವರು ಅಮೆರಿಕದ ಲೂಯಿಸಿಯಾನಾದ ಕಾರ್ವಿಲ್ ಕುಷ್ಠರೋಗಾಸ್ಪತ್ರೆಗೆ ಹೋದರು. ಕುಷ್ಠರೋಗಿಗಳು ಅಲ್ಲಿ ಕೆಲವೇ ಮಂದಿ; ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡು, ಹುಣ್ಣಾಗಿ, ಕಾಲನ್ನೇ ಕತ್ತರಿಸಿಕೊಳ್ಳುವವರು ಆ ಸಿರಿವಂತ ನಾಡಿನ ತುಂಬ ಇದ್ದರು. ನೋವಿಲ್ಲದ ಅಂಗವನ್ನು ಕಾಯುವ ಬಗೆಯನ್ನು ವೆಲ್ಲೂರಿನ ಬಡವರಿಂದ ಕಲಿತಿದ್ದ ವೈದ್ಯರು ಅದನ್ನು ಇವರಿಗೆ ಅನ್ವಯಿಸಿದರು: ಹುಣ್ಣಿನ ಪಾದಕ್ಕೆ ಒತ್ತಿ ಕೂರುವ ಪ್ಲಾಸ್ಟರು, ಭಾರವನ್ನು ಹಂಚುವ ಪಾದರಕ್ಷೆ, ದಿನವೂ ಕಣ್ಣಿನಿಂದ ಪರೀಕ್ಷೆ. ತಮಿಳುನಾಡಿನ ಮಣ್ಣಿನ ಗುಡಿಸಲುಗಳಲ್ಲಿ ದೊರೆತ ಅರಿವು ಅಮೆರಿಕದ ಎಷ್ಟೋ ಕಾಲುಗಳನ್ನು ಉಳಿಸಿತು. ಹಿಂದೆ ಪುಣೆಯಿಂದ ಲಂಡನ್ನಿಗೆ ಮೂಗಿನ ವಿದ್ಯೆ ಹೋದಂತೆಯೇ ಇದೂ ಹೋಯಿತು. ಬ್ರ್ಯಾಂಡರು 2003ರಲ್ಲಿ ತೀರಿಕೊಂಡರು. ನೋವನ್ನು ಯಾರೂ ಬಯಸದ ವರವೆಂದು ಕರೆದವರು ಅವರು.

ಈ ಕಥೆ ಮುಗಿದ ಕಥೆಯಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹುವಿಧ ಔಷಧಗಳ ಚಿಕಿತ್ಸೆಯಿಂದ ಕುಷ್ಠ ಪೂರ್ತಿ ಗುಣವಾಗುತ್ತದೆ. 10,000 ಜನಕ್ಕೆ ಒಬ್ಬ ರೋಗಿಗಿಂತ ಕೆಳಗೆ ಇಳಿಸುವ ಗುರಿಯನ್ನು ನಮ್ಮ ದೇಶ 2005ರ ಕೊನೆಗೆ ಮುಟ್ಟಿತು. ಆದರೂ 2022–23ರ ಒಂದೇ ವರ್ಷದಲ್ಲಿ ಲಕ್ಷಕ್ಕೂ ಮಿಕ್ಕಿ ಹೊಸ ರೋಗಿಗಳು ಇಲ್ಲಿ ಪತ್ತೆಯಾದರು. ಮಚ್ಚೆ ಕಂಡಾಗಲೇ ಮದ್ದು ದೊರೆತರೆ ಕೈ ಬಾಗುವ ಮಾತೇ ಇಲ್ಲ. ತಡವಾದವರಿಗೆ ಇಂದಿಗೂ ಶಸ್ತ್ರವೈದ್ಯ ಬೇಕು. ಆ ಶಸ್ತ್ರವೈದ್ಯನನ್ನು ನಾವು ಈಗ ಹಡಗಿನಲ್ಲಿ ಬರಲೆಂದು ಕಾಯಬೇಕಾಗಿಲ್ಲ. ಅವನೂ ಅವಳೂ ನಮ್ಮವರೇ, ನಮ್ಮ ತರಗತಿಗಳಲ್ಲಿ ಕುಳಿತು ಎದ್ದವರೇ. ಕೆಲವರು ತಮ್ಮ ಸರದಿಯಲ್ಲಿ ಇತರ ನಾಡುಗಳಿಗೂ ಹೋಗಿಬರುತ್ತಾರೆ.

ಕೈಗುಣವೆಂಬುದು ಹುಟ್ಟಿನೊಡನೆ ಬಂದು ಸಾವಿನೊಡನೆ ಹೋಗುವಂಥದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪುಣೆಯ ಆ ಕುಶಲಿಯ ಹೆಸರನ್ನು ಪತ್ರಿಕೆ ಬರೆದಿಡಲಿಲ್ಲ. ಅವನ ಕೈಗುಣ ಮಾತ್ರ ಕಡಲನ್ನು ದಾಟಿ ಉಳಿಯಿತು. ಉಳಿದದ್ದು ಏಕೆಂದರೆ ಅವನು ಬಾಗಿಲು ಹಾಕಿಕೊಂಡು ಕೆಲಸಮಾಡಲಿಲ್ಲ. ಬಂದು ನಿಂತವರಿಗೆ ನೋಡಲು ಬಿಟ್ಟ. ಪರದೇಶಕ್ಕೆ ಹೊರಡುವ ಶಸ್ತ್ರವೈದ್ಯ ಪೆಟ್ಟಿಗೆಯಲ್ಲಿ ಕತ್ತರಿ, ದಾರ, ಪ್ಲಾಸ್ಟರುಗಳನ್ನು ಒಯ್ಯುತ್ತಾನೆ. ಮರಳುವಾಗ ಅವನ್ನೆಲ್ಲ ಅಲ್ಲಿಯೇ ಬಿಟ್ಟು ಬಂದರೂ ಆಗಬಹುದು. ಅವುಗಳನ್ನು ಹಿಡಿಯಬಲ್ಲ ಒಂದು ಕೈಯನ್ನು ಅಲ್ಲಿ ಪಳಗಿಸಿ ಬಂದರೆ ಆ ಯಾತ್ರೆ ಸಾರ್ಥಕ.